ಅಮೆರಿಕದಲ್ಲಿ ಸಿಕ್ಕ ನಾರ್ವೆ ಕಾಸು: ಒಂದೇ ನಾಣ್ಯ ಹಿಡಿದುಕೊಂಡು ವ್ಯಾಪಾರ ಇತ್ತು ಅನ್ನಬಹುದಾ?

ಬಿಸಿಬೇಳೆ_ಬಾಸ್ಟನ್:

ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆಯಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿ.

ಹೋದ ತಿಂಗಳು ಎಲೆ ಕೆಂಪಾಗುವುದನ್ನು ನೋಡೋಣ ಅಂತ ಬಾಸ್ಟನ್‌ನಿಂದ ಮೇನ್ ರಾಜ್ಯದ ಕರಾವಳಿಗೆ ಕಾರಲ್ಲಿ ಹೋಗಿದ್ದೆವು. ಅಲ್ಲಿ ಬ್ರೂಕ್ಲಿನ್ ಅಂತ ಒಂದು ಪುಟ್ಟ ಊರಿದೆ, ನ್ಯೂಯಾರ್ಕಿನದಲ್ಲ, ಇದು ಬೇರೆ. ಅದರ ತುದಿಯಲ್ಲಿ ನ್ಯಾಸ್ಕೆಗ್ ಪಾಯಿಂಟ್ ಅನ್ನುವ ಕಡಲ ಮೂಲೆ. ಚಳಿಗಾಳಿ, ಕಲ್ಲು, ನಾಲ್ಕು ದೋಣಿ, ಅಷ್ಟೇ. ವಾಪಸ್ ಬಂದು ಫೋಟೋ ತೋರಿಸಿದಾಗ ಆಫೀಸಿನ ಗೆಳತಿ "ಅಯ್ಯೋ, ವೈಕಿಂಗ್ ಕಾಸು ಸಿಕ್ಕ ಜಾಗ ಅಲ್ವಾ ಅದು" ಅಂದಳು. ವೈಕಿಂಗ್ ಅಂದರೆ ಸಾವಿರ ವರ್ಷದ ಹಿಂದೆ ನಾರ್ವೆ, ಡೆನ್ಮಾರ್ಕ್, ಸ್ವೀಡನ್ ಕಡೆಯಿಂದ ಹೊರಟ ಕಡಲಿಗರು. ಅಲ್ಲಿಂದ ಶುರುವಾಯಿತು ನನ್ನ ತಲೆನೋವು.

ಮನೆಗೆ ಬಂದು ಓದಿದೆ. 1957ರಲ್ಲಿ ಗೈ ಮೆಲ್‌ಗ್ರೆನ್ ಅನ್ನುವ ಹವ್ಯಾಸಿಯೊಬ್ಬರು ಅಲ್ಲಿದ್ದ ಮೂಲನಿವಾಸಿಗಳ ಹಳೇ ಬೀಡನ್ನು ಅಗೆಯುವಾಗ ಒಂದು ಸಣ್ಣ ಬೆಳ್ಳಿ ಕಾಸು ಸಿಕ್ಕಿತಂತೆ. ಮೊದಲು ಅದನ್ನು 12ನೇ ಶತಮಾನದ ಇಂಗ್ಲಿಷ್ ಪೆನ್ನಿ ಅಂದುಕೊಂಡರಂತೆ. ಇಪ್ಪತ್ತು ವರ್ಷ ಆದಮೇಲೆ, ಅದು ಇಂಗ್ಲೆಂಡಿನದಲ್ಲ, ನಾರ್ವೆಯದು, ಓಲಾಫ್ ಕಿರ್ರೆ ಅನ್ನುವ ರಾಜನ ಕಾಲದ್ದು ಅಂತ ಗೊತ್ತಾಯಿತಂತೆ. ಆ ರಾಜ ಆಳಿದ್ದು 1067ರಿಂದ 1093ರವರೆಗೆ. ಕೊಲಂಬಸ್ ಬರುವುದಕ್ಕೆ ನಾನೂರು ವರ್ಷ ಮುಂಚೆ!

ನಮ್ಮ ಯಜಮಾನರದ್ದು ಒಂದೇ ಮಾತು. "ಕಾಸು ಸಿಕ್ಕಿತು ಅಂದಮೇಲೆ ವ್ಯಾಪಾರ ಇತ್ತು, ಅದರಲ್ಲೇನು ಸಂಶೋಧನೆ?" ನನಗೆ ಅದು ಅಷ್ಟು ಸಲೀಸು ಅನ್ನಿಸುತ್ತಿಲ್ಲ. ಸಿಕ್ಕಿರುವುದು ಒಂದೇ ಒಂದು. ಯೂಟ್ಯೂಬ್ ನೋಡಿದರೆ ವೈಕಿಂಗರು ಬಾಸ್ಟನ್ ಬಂದರಿನಲ್ಲಿ ಅಂಗಡಿ ಇಟ್ಟಿದ್ದರು ಅನ್ನುವ ಮಟ್ಟಕ್ಕೆ ಹೋಗಿದ್ದಾರೆ. ನಿಜಕ್ಕೂ ಒಂದು ನಾಣ್ಯ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ಬೇರೆ ಕಡೆ ಸಿಕ್ಕ ಆ ಕಾಲದ ನಾರ್ವೆ, ಡೆನ್ಮಾರ್ಕ್, ಸ್ವೀಡನ್ ನಾಣ್ಯಗಳ ಕಥೆ ಏನು? ಗೊತ್ತಿರುವವರು ಸ್ವಲ್ಪ ಹೇಳಿ. ಮನೆಯಲ್ಲಿ ವಾದ ಗೆಲ್ಲಬೇಕಾಗಿದೆ.

ಕುಡಿಕೆ_ಹೊನ್ನು:

ಮೇಡಂ, ವಾದ ಅರ್ಧ ನೀವೇ ಗೆದ್ದಿದ್ದೀರಿ. ನಾನು ಮೈಸೂರಿನವನು, ನಾಣ್ಯ ಕೂಡಿಡುವ ಹುಚ್ಚು ನಲವತ್ತು ವರ್ಷದ್ದು. ಈ ಮೇನ್ ಕಾಸಿನ ವಿಷಯ ನನಗೆ ತುಂಬಾ ಇಷ್ಟ, ಅದಕ್ಕೇ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಆ ಗುರುತು ಹಿಡಿದ ಕಥೆ. 1978ರಲ್ಲಿ ಲಂಡನ್ನಿನ ಪೀಟರ್ ಸೀಬಿ ಅನ್ನುವ ನಾಣ್ಯ ತಜ್ಞರು ಚಿತ್ರ ನೋಡಿ ಇದು ಇಂಗ್ಲೆಂಡಿನದಲ್ಲ, ನಾರ್ವೆ ಕಡೆಯದು ಅಂದರು. ಆಮೇಲೆ ಓಸ್ಲೋ ವಿಶ್ವವಿದ್ಯಾಲಯದ ಕೋಲ್‌ಬ್ಯೋರ್ನ್ ಸ್ಕಾರೆ ಬಂದು ನಾಣ್ಯವನ್ನೇ ಕೈಯಲ್ಲಿ ಹಿಡಿದು ನೋಡಿದರು. ಆ ದೇಶದ ಆ ಕಾಲದ ನಾಣ್ಯಗಳ ಬಗ್ಗೆ ಅವರಷ್ಟು ತಿಳಿದವರು ಕಡಿಮೆ. 1065ರಿಂದ 1080ರ ಒಳಗೆ ಅಚ್ಚಾದದ್ದು ಅಂತ ಅವರ ತೀರ್ಮಾನ. ಹಾಗಾಗಿ ನಾಣ್ಯ ನಿಜವಾದದ್ದೇ, ಅದರಲ್ಲಿ ಜಗಳ ಇಲ್ಲ. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದರಲ್ಲಿ ಮಾತ್ರ ಜಗಳ.

ಈಗ ನಿಮ್ಮ ಯಜಮಾನರಿಗೆ ಒಂದು ಪ್ರಶ್ನೆ ಕೇಳಿ. ನಿಮ್ಮ ಅಜ್ಜಿಯ ಕಾಸಿನ ಸರದಲ್ಲಿ ಜಾರ್ಜ್ ದೊರೆಯ ತಲೆ ಇರುವ ಪವನು ಇತ್ತಾ? ಇದ್ದರೆ ಅಜ್ಜಿ ಲಂಡನ್ನಿನ ಜೊತೆ ವ್ಯಾಪಾರ ಮಾಡುತ್ತಿದ್ದರಾ? ಇಲ್ಲ ತಾನೇ. ಯಾರೋ ಎಲ್ಲಿಂದಲೋ ತಂದರು, ಚಿನಿವಾರನ ಹತ್ತಿರ ಬಂತು, ಕೊಳಿಕೆ ಹಾಕಿಸಿದರು, ಕೊರಳಿಗೆ ಬಂತು. ಕೊರಳಿಗೆ ಬಂದ ಮೇಲೆ ಅದು ದುಡ್ಡಲ್ಲ, ಒಡವೆ.

ಮೇನ್ ಕಾಸಿನಲ್ಲೂ ಅಂಚಿನ ಹತ್ತಿರ ಒಂದು ತೂತು ಇತ್ತು, ಅದು ಇದ್ದ ಭಾಗ ಮುರಿದು ಉದುರಿಹೋಗಿದೆ. ದಾರಕ್ಕೆ ಪೋಣಿಸಿ ಕಟ್ಟಿಕೊಂಡಿರಬೇಕು. ಹಾಗಾದರೆ ಅದನ್ನು ಕೊನೆಗೆ ಹಾಕಿಕೊಂಡವರಿಗೆ ಅದರ ಮೇಲೆ ಯಾವ ರಾಜ ಇದ್ದಾನೆ, ಅದಕ್ಕೆ ಬೆರ್ಗೆನ್‌ನಲ್ಲಿ ಎಷ್ಟು ಬೆಣ್ಣೆ ಬರುತ್ತದೆ ಅನ್ನುವುದು ಬೇಕಾಗಿರಲೇ ಇಲ್ಲ. ಹೊಳೆಯುತ್ತದೆ, ಹಗುರ ಇದೆ, ಅಕ್ಕಪಕ್ಕದವರ ಹತ್ತಿರ ಇಲ್ಲ, ಸಾಕಲ್ಲ.

ಎರಡನೇ ವಿಷಯ ಇನ್ನೂ ಮುಖ್ಯ. ನಾಣ್ಯ ನೋಡುವ ಮುಂಚೆ ಅದರ ಅಕ್ಕಪಕ್ಕ ಏನು ಸಿಕ್ಕಿತು ನೋಡಬೇಕು. ಆ ಬೀಡಿನಲ್ಲಿ ಮೂವತ್ತು ಸಾವಿರದಷ್ಟು ವಸ್ತು ಸಿಕ್ಕಿವೆ. ಅಷ್ಟರಲ್ಲಿ ನಾರ್ವೆಯವರದ್ದು ಅನ್ನುವುದಕ್ಕೆ ಇದೊಂದೇ. ಒಂದು ಮೊಳೆ ಇಲ್ಲ, ಮಡಕೆ ಚೂರಿಲ್ಲ, ದೋಣಿಯ ತುಂಡಿಲ್ಲ. ವ್ಯಾಪಾರಿ ಬಂದು ಕೂತಿದ್ದರೆ ಇಷ್ಟೇನಾ ಬಿಟ್ಟು ಹೋಗುವುದು? ಆದರೆ ಅಲ್ಲಿ ಸಿಕ್ಕಿರುವ ಕಲ್ಲಿನ ಉಪಕರಣಗಳಲ್ಲಿ ರಾಮಾ ಚರ್ಟ್ ಅನ್ನುವ ಕಲ್ಲಿನವು ಬಹಳ ಇವೆ. ಆ ಕಲ್ಲು ಸಿಗುವುದು ಕೆನಡಾದ ಉತ್ತರ ಲ್ಯಾಬ್ರಡಾರ್‌ನ ರಾಮಾ ಕೊಲ್ಲಿಯಲ್ಲಿ, ಅಲ್ಲಿಂದ 1,500 ಕಿಲೋಮೀಟರಿಗೂ ಜಾಸ್ತಿ ದೂರ. ಜೊತೆಗೆ ಆರ್ಕ್ಟಿಕ್ ಕಡೆಯ ಡಾರ್ಸೆಟ್ ಜನರ ಒಂದು ಉಪಕರಣವೂ ಸಿಕ್ಕಿದೆ. ಅಂದರೆ ಮೂಲನಿವಾಸಿಗಳ ನಡುವೆಯೇ ಉತ್ತರದಿಂದ ದಕ್ಷಿಣಕ್ಕೆ ಕೈಯಿಂದ ಕೈಗೆ ಸಾಮಾನು ಸಾಗುವ ದಾರಿ ಮೊದಲೇ ಇತ್ತು. ಕಾಸೂ ಅದೇ ದಾರಿ ಹಿಡಿದು ಬಂತು ಅನ್ನುವುದು ಎಲ್ಲಕ್ಕಿಂತ ಸರಳ ವಿವರಣೆ.

ನಾರ್ವೆ ಮೂಲದವರು ಆ ದಾರಿಯ ಉತ್ತರದ ತುದಿಗೆ ಬಂದಿದ್ದಂತೂ ಖಾತ್ರಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಲಾನ್ಸ್ ಓ ಮೆಡೋಸ್ ಅನ್ನುವಲ್ಲಿ ಅವರ ಮನೆಗಳನ್ನು 1960ರಲ್ಲಿ ಹೆಲ್ಗೆ ಇಂಗ್‌ಸ್ಟಾಡ್ ಮತ್ತು ಅವರ ಹೆಂಡತಿ ಆನ್ ಸ್ಟೀನೆ ಪತ್ತೆ ಮಾಡಿದರು. ಅಲ್ಲಿ ಕಬ್ಬಿಣದ ಹತ್ಯಾರದಿಂದ ಕಡಿದ ಮರ 1021ನೇ ಇಸವಿಯದು ಅಂತ 2021ರಲ್ಲಿ ಉಂಗುರ ಎಣಿಸಿ ಹೇಳಿದ್ದಾರೆ. ಓಲಾಫ್ ಕಿರ್ರೆ ಹುಟ್ಟುವ ಮುಂಚಿನ ಮಾತು ಅದು. ಆದರೆ ಗ್ರೀನ್‌ಲ್ಯಾಂಡಿನಲ್ಲಿ ನೆಲೆಸಿದ್ದ ಅದೇ ನಾರ್ವೆ ಮೂಲದವರು ಮರಕ್ಕಾಗಿ ಲ್ಯಾಬ್ರಡಾರ್ ಕಡೆ ಬರುವುದನ್ನು ಆಮೇಲೂ ಬಿಟ್ಟಿರಲಿಲ್ಲ. ಮಾರ್ಕ್‌ಲ್ಯಾಂಡಿಗೆ (ಲ್ಯಾಬ್ರಡಾರ್ ಕಡೆಗೆ ಅವರಿಟ್ಟ ಹೆಸರು) ಹೋಗಿದ್ದ ಒಂದು ಗ್ರೀನ್‌ಲ್ಯಾಂಡ್ ಹಡಗು 1347ರಲ್ಲಿ ಐಸ್‌ಲ್ಯಾಂಡಿಗೆ ಬಂದು ಸೇರಿತು ಅಂತ ಐಸ್‌ಲ್ಯಾಂಡಿನ ವಾರ್ಷಿಕ ದಾಖಲೆಯಲ್ಲೇ ಇದೆ. ಕಾಸು ಕೈ ಬದಲಾಯಿಸಲು ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ ಟೈಮ್ ಇತ್ತು.

ಇನ್ನು ವ್ಯಾಪಾರ ಅನ್ನುವುದಾದರೆ, ಐಸ್‌ಲ್ಯಾಂಡಿನಲ್ಲಿ ಬರೆದಿಟ್ಟ ಅವರ ಹಳೇ ಸಾಗಾ ಕಥೆಗಳಲ್ಲೇ ಇದೆ ನೋಡಿ. ಅಲ್ಲಿನ ಜನ ಚರ್ಮ, ತುಪ್ಪಳ ಕೊಟ್ಟು ಕೆಂಪು ಬಟ್ಟೆ ತೆಗೆದುಕೊಂಡರು. ಬಟ್ಟೆ ಮುಗಿಯುತ್ತಾ ಬಂದಾಗ ಇವರು ಪಟ್ಟಿಯನ್ನು ಇನ್ನೂ ಸಣ್ಣದಾಗಿ ಕತ್ತರಿಸಿ ಕೊಟ್ಟರು, ಆದರೂ ಅವರು ಅಷ್ಟೇ ಚರ್ಮ ಕೊಟ್ಟರು. ಇನ್ನೊಂದು ಸಾಗಾದಲ್ಲಿ ಹಾಲಿಗೂ ತುಪ್ಪಳ ಕೊಟ್ಟಿದ್ದಾರೆ! ನಾಣ್ಯದ ಸುದ್ದಿ ಎಲ್ಲೂ ಇಲ್ಲ. ನಿಜವಾದ ವ್ಯಾಪಾರ ಬಟ್ಟೆಯಲ್ಲಿ ಆಯಿತು, ಹಾಲಲ್ಲಿ ಆಯಿತು. ಬಟ್ಟೆ ಕೊಳೆಯಿತು, ಹಾಲು ಕುಡಿದರು. ಮಣ್ಣಲ್ಲಿ ಉಳಿದದ್ದು ಕಾಸು.

ಬಿಸಿಬೇಳೆ_ಬಾಸ್ಟನ್:

ಕಾಸಿನ ಸರದ ಉದಾಹರಣೆ ಓದಿ ಹೇಳಿದೆ. ಯಜಮಾನರು ಐದು ನಿಮಿಷ ಸುಮ್ಮನಾದರು. ಆಮೇಲೆ "ಕೈಯಿಂದ ಕೈಗೆ ಅಂದರೂ ಅದು ವ್ಯಾಪಾರವೇ ತಾನೇ" ಅಂದರು. ಬಿಡುವ ಪೈಕಿ ಅಲ್ಲ.

ಒರೆಗಲ್ಲು:

ನಿಮ್ಮೆಲ್ಲರ ಉತ್ಸಾಹಕ್ಕೆ ತಣ್ಣೀರು ಎರಚುವುದಕ್ಕೆ ಕ್ಷಮಿಸಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಾನಲ್ಲ. ಅಮೆರಿಕದಲ್ಲಿ ವೈಕಿಂಗ್ ಅಂದಕೂಡಲೇ ನನಗೆ ಕಿವಿ ನೆಟ್ಟಗಾಗುತ್ತದೆ. 1898ರಲ್ಲಿ ಮಿನೆಸೋಟಾದಲ್ಲಿ ಕೆನ್ಸಿಂಗ್ಟನ್ ಕಲ್ಲು ಅಂತ ಬಂತು, ಅದರ ರೂನ್ ಅಕ್ಷರ (ಸ್ಕ್ಯಾಂಡಿನೇವಿಯಾದ ಹಳೇ ಲಿಪಿ) ಮತ್ತು ಭಾಷೆ ನೋಡಿದ ವಿದ್ವಾಂಸರು 19ನೇ ಶತಮಾನದ್ದು ಅಂದರು. ಆಮೇಲೆ ಕೊಲಂಬಸ್‌ಗಿಂತ ಮುಂಚೆಯೇ ಅಮೆರಿಕದ ತೀರ ತೋರಿಸುತ್ತದೆ ಅಂತ ಹೇಳಿಕೊಂಡ, ಯೇಲ್ ವಿಶ್ವವಿದ್ಯಾಲಯದ ವಿನ್‌ಲ್ಯಾಂಡ್ ನಕ್ಷೆ. ದಶಕಗಳ ಕಾಲ ಕಿತ್ತಾಡಿ ಕೊನೆಗೆ 2021ರಲ್ಲಿ ಯೇಲ್‌ನವರೇ ನಕಲಿ ಅಂತ ಒಪ್ಪಿಕೊಂಡರು, ಶಾಯಿಯಲ್ಲಿ 20ನೇ ಶತಮಾನದ ಟೈಟಾನಿಯಂ ಬಣ್ಣ ಇತ್ತು. ಇಂಥ ಊರಲ್ಲಿ ಒಬ್ಬ ಹವ್ಯಾಸಿಗೆ ಒಂದೇ ಒಂದು ಕಾಸು ಸಿಕ್ಕಿತು ಅಂದರೆ ಅನುಮಾನ ಬರಬೇಡವಾ?

ಮಾನವಶಾಸ್ತ್ರಜ್ಞ ಎಡ್ಮಂಡ್ ಕಾರ್ಪೆಂಟರ್ ಇದನ್ನೇ ಹೇಳಿದ್ದು. ನಾರ್ವೆಯ ಗ್ರೆಸ್ಲಿ ಅನ್ನುವಲ್ಲಿ 1878ರಲ್ಲಿ ಸಿಕ್ಕ ನಿಧಿಯಲ್ಲಿ ಇದೇ ತರಹದ ನಾಣ್ಯ 2,000ಕ್ಕೂ ಹೆಚ್ಚು ಇದ್ದವು. ಹಾಗಿರುವಾಗ ಒಂದೆರಡು ನಾಣ್ಯ ಸಂಗ್ರಹಕಾರರ ಕೈಗೆ ಹೋಗಿ, ಅಲ್ಲಿಂದ ಅಟ್ಲಾಂಟಿಕ್ ದಾಟುವುದು ಏನು ಮಹಾ? ನಾನೇ ಒಂದು ನಾಣ್ಯ ಮೇಳದಲ್ಲಿ "ಹೊಲ ಉಳುವಾಗ ಸಿಕ್ಕಿದ್ದು ಸಾರ್" ಅಂತ ಮಣ್ಣು ಮೆತ್ತಿದ ಹಳೇ ನಾಣ್ಯ ಒಂದನ್ನು ಸಾವಿರಾರು ಕೊಟ್ಟು ತಂದು, ಮನೆಯಲ್ಲಿ ತೊಳೆದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತವನು. ಮಣ್ಣು ಮೆತ್ತುವುದು ಕಷ್ಟದ ಕೆಲಸ ಅಲ್ಲ.

ಕುಡಿಕೆ_ಹೊನ್ನು:

ಒರೆಗಲ್ಲು ಸಾರ್, ಅನುಮಾನ ಬೇಕು, ಒಪ್ಪಿದೆ. ಆದರೆ ಮೋಸ ಮಾಡುವವನ ತಲೆಯಿಂದ ಯೋಚನೆ ಮಾಡಿ. ವೈಕಿಂಗ್ ಕಾಸು ಹೂತಿಟ್ಟು ತೆಗೆದವನು "ವೈಕಿಂಗ್ ಕಾಸು ಸಿಕ್ಕಿತು" ಅಂತ ಡಂಗುರ ಹೊಡೆಯುತ್ತಾನೋ, ಅಥವಾ ಇಂಗ್ಲಿಷ್ ಪೆನ್ನಿ ಅಂತ ಯಾರೋ ಹೇಳಿದ್ದನ್ನು ಒಪ್ಪಿಕೊಂಡು ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿರುತ್ತಾನೋ? ಹೆಸರು ಮಾಡಬೇಕು ಅಂತಿದ್ದರೆ ಅಮೆರಿಕಕ್ಕೆ ಬಂದ ಅಂತ ಸಾಗಾಗಳು ಹೇಳುವ ಲೀಫ್ ಎರಿಕ್ಸನ್‌ನ ಕಾಲದ, ಸುಮಾರು 1000ನೇ ಇಸವಿಯ ನಾಣ್ಯ ಆರಿಸಿಕೊಳ್ಳುತ್ತಿದ್ದ. ಇದು ಅದಕ್ಕಿಂತ ಎರಡು ತಲೆಮಾರು ಆಮೇಲಿನದು, ಯಾವ ಪ್ರಸಿದ್ಧ ಕಥೆಗೂ ಹೊಂದುವುದಿಲ್ಲ. ಓಸ್ಲೋದ ನಾಣ್ಯ ತಜ್ಞ ಸ್ವೈನ್ ಗುಲ್‌ಬೆಕ್ 2017ರಲ್ಲಿ ಈ ಆರೋಪವನ್ನೇ ಮತ್ತೆ ಕೈಗೆತ್ತಿಕೊಂಡು ನೋಡಿ, ಅಲ್ಲೇ ಸಿಕ್ಕಿದ್ದು ನಿಜ ಅನ್ನುವ ಕಡೆಗೇ ವಾಲಿದ್ದಾರೆ. ನಾನೂ ಅದೇ ಕಡೆ. ಆದರೆ ಬೆಟ್ ಕಟ್ಟು ಅಂದರೆ ಕಟ್ಟುವುದಿಲ್ಲ!

ಒರೆಗಲ್ಲು:

ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡ ಮಾತು ಸರಿ ಇದೆ, ಅದು ನನಗೂ ಕಾಡುತ್ತದೆ. ಅವರಲ್ಲದೆ ಬೇರೆ ಯಾರೋ ತಮಾಷೆಗೆ ಹಾಕಿರಬಹುದು ಅನ್ನುವುದಕ್ಕೆ ಮಾತ್ರ ಉತ್ತರ ಇಲ್ಲ. ನನ್ನ ಮತ: ಕಾಸು ಬೋನಿನಲ್ಲೇ ಇರಲಿ, ಶಿಕ್ಷೆಯೂ ಬೇಡ, ಬಿಡುಗಡೆಯೂ ಬೇಡ.

ಓಸ್ಲೋ_ಚಳಿ:

ತಡವಾಗಿ ಬಂದೆ. ನಾನು ಇಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಭಾನುವಾರ ಮ್ಯೂಸಿಯಂ ಬಿಟ್ಟರೆ ಬೇರೆ ಗತಿ ಇಲ್ಲ, ಹಾಗಾಗಿ ಸ್ವಲ್ಪ ಗೊತ್ತು. ಎಲ್ಲರೂ ಕಾಸು ಸಿಕ್ಕ ಜಾಗ ನೋಡುತ್ತಿದ್ದೀರಿ. ಕಾಸು ಹುಟ್ಟಿದ ಮನೆ ನೋಡಿ, ಅರ್ಧ ಉತ್ತರ ಅಲ್ಲಿದೆ.

ಓಲಾಫ್ ಕಿರ್ರೆಯ ಅಪ್ಪ ಹಾರಾಲ್ಡ್ ಹಾರ್ಡ್ರಾಡೆ. 1066ರಲ್ಲಿ ಇಂಗ್ಲೆಂಡ್ ಗೆಲ್ಲಲು ಹೋಗಿ ಸ್ಟ್ಯಾಮ್‌ಫೋರ್ಡ್ ಬ್ರಿಜ್‌ನಲ್ಲಿ ಸತ್ತವನು. ಈ ಮಹಾರಾಯ ನಾಣ್ಯದಲ್ಲಿ ತಾಮ್ರ ಬೆರೆಸಿ ಬೆರೆಸಿ ಬೆಳ್ಳಿಯನ್ನು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಸಿದ. ಅವನ ಜೊತೆ ಕಾನ್‌ಸ್ಟಾಂಟಿನೋಪಲ್‌ವರೆಗೂ ಹೋಗಿ ಹೊಡೆದಾಡಿ ಬಂದಿದ್ದ ಹಾಲ್ಡೋರ್ ಅನ್ನುವ ಐಸ್‌ಲ್ಯಾಂಡಿನವನಿಗೆ ಸಂಬಳವಾಗಿ ಈ ಕಾಸು ಕೊಟ್ಟಾಗ, ಅವನು ಅದನ್ನು ನೋಡಿ ಕೈಯಿಂದ ಗುಡಿಸಿ ನೆಲದ ಹುಲ್ಲಿಗೆ ಚೆಲ್ಲಿದನಂತೆ. ಆಮೇಲೆ ರಾಜ ಒಳ್ಳೇ ಬೆಳ್ಳಿ ಕೊಡಬೇಕಾಯಿತು. ಹಳೇ ಕಥೆ, ಉಪ್ಪುಕಾರ ಹಚ್ಚಿರಬಹುದು, ಆದರೆ ಲೋಹ ಪರೀಕ್ಷೆಯೂ ಅದನ್ನೇ ಹೇಳುತ್ತದೆ.

ಇಂಥ ಕಾಸು ಊರೊಳಗೆ ಮಾತ್ರ ನಡೆಯುತ್ತದೆ, ಏಕೆಂದರೆ ರಾಜ ನಡೆಯಬೇಕು ಅಂತ ಹೇಳಿದ್ದಾನೆ. ಗಡಿ ದಾಟಿದರೆ ತೂಕಕ್ಕೆ ಬೆಲೆ, ತೂಕದಲ್ಲಿ ಮೂರನೇ ಎರಡು ಪಾಲು ತಾಮ್ರ. ತಲೆ ಸರಿ ಇರುವ ವರ್ತಕ ಅದನ್ನು ಕಟ್ಟಿಕೊಂಡು ಹೋಗುವುದಿಲ್ಲ. ಓಲಾಫನ ಕಾಲದಲ್ಲೂ ಮೊದಮೊದಲು ಇದೇ ಕಳಪೆ ಬೆಳ್ಳಿ. ಗ್ರೀನ್‌ಲ್ಯಾಂಡಿನಲ್ಲಂತೂ ನಾಣ್ಯದ ಬಳಕೆಯೇ ಇರಲಿಲ್ಲ. 1327ರಲ್ಲಿ ಅಲ್ಲಿನವರು ಪೋಪ್‌ಗೆ ಕೊಡಬೇಕಾದ ದಶಾಂಶವನ್ನೂ ವಾಲ್ರಸ್ ದಂತದಲ್ಲೇ ಕೊಟ್ಟಿದ್ದಾರೆ. ಹಾಗಾಗಿ ಮೇನ್‌ನಲ್ಲಿ ಈ ಕಾಸು ಸಿಕ್ಕಿದ್ದು ನಿಜ ಅಂದುಕೊಂಡರೂ ಅದು ದುಡ್ಡಾಗಿ ಹೋಗಿರುವ ಸಾಧ್ಯತೆ ಸೊನ್ನೆ ಅಂತಲೇ ನನ್ನ ಲೆಕ್ಕ. ಯಾರದೋ ಜೇಬಲ್ಲಿ, ಯಾರದೋ ಕೊರಳಲ್ಲಿ ಹೋಗಿದೆ.

ಇನ್ನೊಂದು ತಮಾಷೆ. ನಾರ್ವೆ, ಡೆನ್ಮಾರ್ಕ್ ಜನ ಅತಿ ಹೆಚ್ಚು ಓಡಾಡಿದ್ದು ಇಂಗ್ಲೆಂಡಿಗೆ. ಆದರೆ ಇಂಗ್ಲೆಂಡಿನಲ್ಲಿ 11ನೇ ಶತಮಾನದ ಸ್ಕ್ಯಾಂಡಿನೇವಿಯಾ ನಾಣ್ಯ ಸಿಗುವುದು ತೀರಾ ಅಪರೂಪ. ಸಂಬಂಧ ಇರಲಿಲ್ಲ ಅಂತ ಅಲ್ಲ, ಅಲ್ಲಿನ ಟಂಕಸಾಲೆ ಬಿಗಿಯಾಗಿತ್ತು ಅಂತ. ಪರದೇಶದ ನಾಣ್ಯ ತಂದರೆ ಕೊಟ್ಟು ಕರಗಿಸಿ ರಾಜನ ಹೊಸ ಪೆನ್ನಿ ತೆಗೆದುಕೊಳ್ಳಬೇಕು, ನಡುವೆ ರಾಜನಿಗೆ ಅವನ ಪಾಲು. ಅಷ್ಟೇ ಅಲ್ಲ, ಅವರ ಸ್ವಂತ ಪೆನ್ನಿಯ ಅಚ್ಚನ್ನೂ ಕೆಲವೇ ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರು. ಕರಗಿದ ಬೆಳ್ಳಿಗೆ ಊರು ಇಲ್ಲ. ಹಾಗಾಗಿ ನಾಣ್ಯ ಸಿಗದೇ ಇರುವುದಕ್ಕೆ ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದುದೇ ಕಾರಣ ಇರಬಹುದು!

ಉಲ್ಟಾ ಕಡೆ ನೋಡಿ. ಆ ಕಾಲದ ಇಂಗ್ಲಿಷ್ ಪೆನ್ನಿಗಳು ಇಂಗ್ಲೆಂಡಿಗಿಂತ ಜಾಸ್ತಿ ಸ್ವೀಡನ್‌ನಲ್ಲಿ ಸಿಕ್ಕಿವೆ, ಅದರಲ್ಲೂ ಎಥೆಲ್ರೆಡ್ ರಾಜನವು. ಯಜಮಾನರ ಲೆಕ್ಕದಲ್ಲಿ ಇದು ಭರ್ಜರಿ ವ್ಯಾಪಾರ. ನಿಜದಲ್ಲಿ ಬಹುಪಾಲು ಕಪ್ಪ, ಮತ್ತೆ ಕೂಲಿ ಸೈನಿಕರ ಸಂಬಳ. 991ರಲ್ಲಿ 10,000 ಪೌಂಡ್ ಕೊಟ್ಟು ಡೇನರನ್ನು (ಡೆನ್ಮಾರ್ಕ್ ಕಡೆಯ ದಾಳಿಕೋರರನ್ನು) ವಾಪಸ್ ಕಳಿಸಿದರು ಅಂತ ಇಂಗ್ಲೆಂಡಿನವರದೇ ವರ್ಷವಾರು ಚರಿತ್ರೆ, ಆಂಗ್ಲೋ ಸ್ಯಾಕ್ಸನ್ ಕ್ರಾನಿಕಲ್, ಹೇಳುತ್ತದೆ. ಆಗ ಪೌಂಡಿಗೆ 240 ಪೆನ್ನಿ, ಅಂದರೆ 24 ಲಕ್ಷ ಕಾಸು. 1018ರಲ್ಲಿ ಇಂಗ್ಲೆಂಡ್ ಗೆದ್ದಿದ್ದ ಡೆನ್ಮಾರ್ಕಿನ ಕ್ನೂಟ್‌ಗೆ ಕೊಟ್ಟಿದ್ದು 82,500 ಪೌಂಡ್, ಹತ್ತಿರ ಹತ್ತಿರ ಎರಡು ಕೋಟಿ ಕಾಸು. ಅಂಕಿ ಉಬ್ಬಿಸಿದ್ದಾರೆ ಅನ್ನುವವರೂ ಇದ್ದಾರೆ. ಆದರೆ ದುಡ್ಡು ಪಡೆದವನ ಸಾಕ್ಷಿಯೂ ಇದೆ. ಸ್ವೀಡನ್‌ನ ಉಪ್‌ಲ್ಯಾಂಡ್‌ನಲ್ಲಿ ಉಲ್ಫ್ ಅನ್ನುವವನ ಹೆಸರಿನ ರೂನ್ ಕಲ್ಲಿದೆ, ನಮ್ಮ ವೀರಗಲ್ಲು ಇದ್ದ ಹಾಗೆ ಅಂದುಕೊಳ್ಳಿ. ಅವನು ಇಂಗ್ಲೆಂಡಿನಲ್ಲಿ ಮೂರು ಸಲ ಕಪ್ಪ ತೆಗೆದುಕೊಂಡ, ಮೊದಲು ಕೊಟ್ಟವನು ಟೋಸ್ಟಿ, ಆಮೇಲೆ ಥೋರ್ಕೆಲ್, ಆಮೇಲೆ ಕ್ನೂಟ್ ಅಂತ ಕೆತ್ತಿದ್ದಾರೆ. ಕಲ್ಲು ಇಲ್ಲದೇ ಹೋಗಿದ್ದರೆ ಅವನ ಕುಡಿಕೆ ಅಗೆದವರು "ದೊಡ್ಡ ವರ್ತಕ" ಅಂತ ಬರೆಯುತ್ತಿದ್ದರು.

ಸ್ಕ್ಯಾಂಡಿನೇವಿಯಾ ನಾಣ್ಯವೇ ಹೊರಗೆ ಹೋಗಿ, ಅದು ವ್ಯಾಪಾರವೇ ಅಂತ ಧೈರ್ಯವಾಗಿ ಹೇಳಬಹುದಾದ ಕೇಸು ಬೇಕು ಅಂದರೆ ಗೋಟ್‌ಲ್ಯಾಂಡ್ ನೋಡಿ. ಬಾಲ್ಟಿಕ್ ಕಡಲ ನಡುವಿನ ದ್ವೀಪ. 12ನೇ ಶತಮಾನದ ಮಧ್ಯದಿಂದ ಅಲ್ಲಿನ ವರ್ತಕರ ಪಟ್ಟಣದ ಸಣ್ಣ ಬೆಳ್ಳಿ ಕಾಸು ಎಸ್ಟೋನಿಯಾ, ಲಾಟ್ವಿಯಾ ಕಡೆ ಎಲ್ಲಾ ಹರಡಿತು. ಒಂದಲ್ಲ, ರಾಶಿ ರಾಶಿ, ಬೇರೆ ಬೇರೆ ಜಾಗದಲ್ಲಿ. ಜೊತೆಗೆ ಕಾಗದವೂ ಇದೆ. 1211ರಲ್ಲಿ ರಿಗಾದ ಬಿಷಪ್ ಆಲ್ಬರ್ಟ್ ವರ್ತಕರಿಗೆ ಕೊಟ್ಟ ಪತ್ರದಲ್ಲಿ, ರಿಗಾದಲ್ಲಿ ಹೊಡೆಯುವ ನಾಣ್ಯ ಗೋಟ್‌ಲ್ಯಾಂಡ್ ನಾಣ್ಯಕ್ಕೆ ಸಮ ಇರಬೇಕು ಅಂತ ಬರೆದಿದ್ದಾರೆ. ಪಕ್ಕದ ಊರಿನವರು ನಿಮ್ಮ ಕಾಸಿನ ತೂಕ ನೋಡಿ ತಮ್ಮ ಕಾಸು ಹೊಡೆಯುತ್ತಾರೆ ಅಂದರೆ ಅದಕ್ಕಿಂತ ಸಾಕ್ಷಿ ಬೇಕಾ?

ಮಧ್ಯದ ಕೇಸುಗಳೂ ಇವೆ. ಫ್ಯಾರೋ ದ್ವೀಪದ ಸಾಂದೂರ್‌ನಲ್ಲಿ 1863ರಲ್ಲಿ ಚರ್ಚ್ ಅಂಗಳದಲ್ಲಿ ಸಮಾಧಿ ತೋಡುವಾಗ 98 ಬೆಳ್ಳಿ ನಾಣ್ಯ ಸಿಕ್ಕವು. ಅದರಲ್ಲಿ ನಾರ್ವೆಯವು ಇವೆ, ಜರ್ಮನಿಯವು ಇವೆ, ಇಂಗ್ಲೆಂಡಿನವೂ ಇವೆ. ಅಂಥ ಮಿಶ್ರಣ ಒಬ್ಬನ ಜೇಬಿಗೆ ಒಂದು ದಿನದಲ್ಲಿ ಬರುವುದಲ್ಲ, ಓಡಾಟ ಇದ್ದ ಕಡೆ ಕೂಡಿದ್ದು. ಆದರೆ ವ್ಯಾಪಾರದ್ದೋ, ಚರ್ಚಿನದ್ದೋ, ಯಾರಿಗೆ ಗೊತ್ತು.

ದುರ್ಗದ_ಮೇಷ್ಟ್ರು:

ಓಸ್ಲೋದವರ ಕಳಪೆ ಬೆಳ್ಳಿ ಮಾತು ಓದಿ ಎದ್ದು ಕೂತೆ. ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯದ ಜೊತೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ದಿನಾರಿ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಒಂದೇ ಕಡೆ ಸಿಕ್ಕವು. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಈ ಇಬ್ಬರವೇ ಜಾಸ್ತಿ. ನೀರೋ ಸುಮಾರು 64ನೇ ಇಸವಿಯಲ್ಲಿ ದಿನಾರಿಯ ಬೆಳ್ಳಿ ಕಡಿಮೆ ಮಾಡಿದ. ಅಲ್ಲಿಂದಾಚೆಗಿನ ಬೆಳ್ಳಿ ನಾಣ್ಯ ನಮ್ಮಲ್ಲಿ ಅಪರೂಪ. ನಮ್ಮ ಚಿನಿವಾರರು ಒರೆಗಲ್ಲಿಗೆ ಉಜ್ಜಿ "ಇದು ಬೇಡ, ಹಳೇದು ಕೊಡು" ಅಂದಿರಬೇಕು. ಹಾಲ್ಡೋರ್ ಹುಲ್ಲಿಗೆ ಗುಡಿಸಿದನಲ್ಲ, ಅದೇ ಬುದ್ಧಿ!

ಇಲ್ಲಿ ವ್ಯಾಪಾರ ಅಂತ ಧೈರ್ಯವಾಗಿ ಹೇಳುವುದು ನಾಣ್ಯ ಒಂದನ್ನೇ ನಂಬಿ ಅಲ್ಲ. ಮೆಣಸು, ಮುತ್ತು, ಮಲ್‌ಮಲ್ ಬಟ್ಟೆಯ ಲೆಕ್ಕ ಆ ಕಡೆಯ ಬರಹದಲ್ಲಿದೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮ್‌ನ ನಾಣ್ಯ) ಭಾರತಕ್ಕೆ ಹರಿದುಹೋಗುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ಆ ಕಡೆ ಗೊಣಗಾಟ, ಈ ಕಡೆ ಕುಡಿಕೆ, ಎರಡೂ ತಾಳೆ ಆಗುತ್ತವೆ. ಮೇನ್ ಕಾಸಿಗೆ ಅಂಥ ಜೊತೆ ಇಲ್ಲ.

ಹಾಗಂತ ಚಂದ್ರವಳ್ಳಿಗೆ ರೋಮನ್ನರು ಬಂದಿದ್ದರು ಅಂತ ಹೇಳುವ ಹುಡುಗರಿಗೆ ನಾನು ಪ್ರತಿ ವರ್ಷ ಮಾರ್ಕ್ಸ್ ಕಟ್ ಮಾಡುತ್ತೇನೆ. ನಾಣ್ಯ ಬಂದಿದೆ. ರೋಮನ್ ಬಂದಿದ್ದಾನಾ ಅನ್ನುವುದು ಬೇರೆ ಪ್ರಶ್ನೆ.

ಸುಮ್ನೆ_ಒಬ್ಬ:

ಹಾಗಾದರೆ ಸ್ವೀಡನ್‌ನಲ್ಲಿ ಬುದ್ಧನ ವಿಗ್ರಹ ಸಿಕ್ಕಿದೆಯಲ್ಲ, ವಾಟ್ಸಾಪ್‌ನಲ್ಲಿ ಬಂದಿತ್ತು. ವೈಕಿಂಗರು ಭಾರತಕ್ಕೆ ಬಂದಿದ್ದರು ಅಂತ ತಾನೇ?

ಓಸ್ಲೋ_ಚಳಿ:

ವಿಗ್ರಹ ನಿಜ, ವಾಟ್ಸಾಪ್ ಈ ಸಲ ಪಾಸ್. ಸ್ಟಾಕ್‌ಹೋಮ್ ಹತ್ತಿರದ ಹೆಲ್ಗೋ ಅನ್ನುವಲ್ಲಿ 1956ರಲ್ಲಿ ಸಿಕ್ಕಿದ್ದು, ಅಂಗೈಯಲ್ಲಿ ಹಿಡಿಸುವ ಕಂಚಿನ ಬುದ್ಧ, ಭಾರತ ಉಪಖಂಡದ ವಾಯವ್ಯದ ಸ್ವಾತ್, ಕಾಶ್ಮೀರ ಸೀಮೆಯದು, 6ನೇ ಶತಮಾನದ ಆಸುಪಾಸಿನದು. ಆದರೆ ಬುದ್ಧ ಬಂದ ಅಂದರೆ ವೈಕಿಂಗ್ ಹೋದ ಅಂತ ಅಲ್ಲ. ಮೇಷ್ಟ್ರು ನಿಮಗೂ ಮಾರ್ಕ್ಸ್ ಕಟ್ ಮಾಡುತ್ತಾರೆ ನೋಡಿ. ಅರಬ್ ಬೆಳ್ಳಿ ನಾಣ್ಯ ದಿರ್ಹಮ್ ಬಂದ, ರಷ್ಯಾದ ವೋಲ್ಗಾ ನದಿಯ ದಾರಿಯಲ್ಲೇ ಕೈ ಬದಲಾಯಿಸುತ್ತಾ ಬಂದಿರಬಹುದು. ಆ ದಾರಿ ಮಾತ್ರ ಸಣ್ಣದಲ್ಲ. ಗೋಟ್‌ಲ್ಯಾಂಡ್‌ನ ಸ್ಪಿಲ್ಲಿಂಗ್ಸ್ ಹೊಲದಲ್ಲಿ 1999ರಲ್ಲಿ 67 ಕಿಲೋ ಬೆಳ್ಳಿ ಸಿಕ್ಕಿತು, ನಾಣ್ಯವೇ 14,000ಕ್ಕೂ ಹೆಚ್ಚು, ಹೆಚ್ಚುಕಡಿಮೆ ಎಲ್ಲವೂ ಅರಬ್ ನಾಡಿನವು. 922ರಲ್ಲಿ ವೋಲ್ಗಾ ದಡದಲ್ಲಿ ಈ ವೈಕಿಂಗ್ ವರ್ತಕರನ್ನು ಕಣ್ಣಾರೆ ಕಂಡ ಅರಬ್ ಪ್ರವಾಸಿ ಇಬ್ನ್ ಫದ್ಲಾನ್ ಬರೆದಿದ್ದಾನೆ: ಗಂಡನ ಹತ್ತಿರ ಹತ್ತು ಸಾವಿರ ದಿರ್ಹಮ್ ಆದರೆ ಹೆಂಡತಿಗೆ ಒಂದು ಕಂಠಿ, ಇಪ್ಪತ್ತು ಸಾವಿರ ಆದರೆ ಎರಡು.

ಕುಡಿಕೆ_ಹೊನ್ನು:

ನೋಡಿದಿರಾ, ಮತ್ತೆ ಕಾಸು ಕೊರಳಿಗೇ ಬಂತು.

ಬಿಸಿಬೇಳೆ_ಬಾಸ್ಟನ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಪೂರ್ತಿ ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಯಜಮಾನರು ಉಲ್ಫ್‌ನ ಕಲ್ಲಿನವರೆಗೆ ಓದಿ, "ಸರಿ, ಸ್ವೀಡನ್ನಿನದು ವ್ಯಾಪಾರ ಅಲ್ಲ, ಹಫ್ತಾ ವಸೂಲಿ" ಅಂತ ಒಪ್ಪಿಕೊಂಡರು. ಮೇನ್ ಕಾಸಿನ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಅಜ್ಜಿಯ ಕಾಸಿನ ಸರದ ಬಗ್ಗೆ ಕೇಳಿದೆ. ಸರ ಯಾವತ್ತೋ ಮುರಿಸಿ ಚಿಕ್ಕಮ್ಮನ ಮದುವೆಗೆ ಬಳೆ ಮಾಡಿಸಿದರಂತೆ. ಓಸ್ಲೋದವರು ಹೇಳಿದ ಕರಗಿದ ಬೆಳ್ಳಿಯ ಕಥೆ ನಮ್ಮ ಮನೆಯಲ್ಲೇ ಆಗಿದೆ. ಒಂದೇ ಒಂದು ಕಾಸು ಉಳಿದಿದೆ, ಕೊಳಿಕೆ ಮುರಿದದ್ದು, ದೇವರ ಮನೆಯ ಕುಂಕುಮದ ಭರಣಿಯಲ್ಲಿದೆಯಂತೆ. ಮುಂದಿನ ಸಲ ಹೋದಾಗ ಫೋಟೋ ಹಾಕುತ್ತೇನೆ, ಯಾವ ದೊರೆ ಅಂತ ಕುಡಿಕೆ ಸಾರ್ ಹೇಳಬೇಕು.